ಅಂಗೈಯಗಲದ ಧೂಳು ಮೀಟರ್: ಹೊಗೆಗೆ ಸರಿ, ರಾಶಿ ಧೂಳಿಗೆ ಅಲ್ಲ

ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರ ರೂಪಾಯಿಗೆ ಸಿಗುವ ಲೇಸರ್ ಮೀಟರಿನ ಪರದೆ ಮೇಲೆ ಎರಡು ಅಂಕಿ ಬರುತ್ತವೆ: ಪಿಎಂ 2.5 (ಗಾಳಿಯಲ್ಲಿ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳೆಷ್ಟು) ಮತ್ತು ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳೆಷ್ಟು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಮೊದಲನೆಯದನ್ನು ಬಹುಮಟ್ಟಿಗೆ ನಂಬಬಹುದು. ಎರಡನೆಯದನ್ನು ವಿಜಯಪುರದ ಕಡೆ, ಅದರಲ್ಲೂ ಜೋಳದ ರಾಶಿ (ಒಕ್ಕಣೆ) ನಡೆಯುವಾಗ, ನಂಬಲೇಬೇಡಿ.

ಒಳಗಿರುವುದು ಪುಟ್ಟ ಫ್ಯಾನು, ಲೇಸರ್, ಬೆಳಕು ಹಿಡಿಯುವ ಫೋಟೊಡಯೋಡ್. ಫ್ಯಾನು ಎಳೆದ ಗಾಳಿಯಲ್ಲಿನ ಕಣಕ್ಕೆ ಬಡಿದು ಚದುರಿದ ಬೆಳಕನ್ನು ನೋಡಿ ಯಂತ್ರ ತೂಕದ ಲೆಕ್ಕ ಹಾಕುತ್ತದೆ; ನಿಜವಾಗಿ ತೂಗುವುದಿಲ್ಲ. ಹೊಗೆಯ ಕಣ ಬಹುತೇಕ 1 ಮೈಕ್ರಾನಿಗಿಂತ ಸಣ್ಣದು, ಗಾಳಿ ಹೊರಳಿದ ಕಡೆ ತಾನೂ ಹೊರಳಿ ಒಳಗೆ ಬರುತ್ತದೆ. ಎರಿ ಮಣ್ಣಿನ ಧೂಳು, ಜೋಳದ ಹೊಟ್ಟಿನ ಪುಡಿ ಹಾಗಲ್ಲ. ಅದರ ತೂಕದ ಹೆಚ್ಚಿನ ಪಾಲು 5 ಮೈಕ್ರಾನಿಗಿಂತ ದೊಡ್ಡ ಕಣಗಳದ್ದೇ, ಅವು ಮೀಟರಿನ ಗಾಳಿ ಕಿಂಡಿಯ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಬಡಿದು ಅಲ್ಲೇ ಕೂರುತ್ತವೆ. ಉಳಿದ ಸಣ್ಣ ಕಣಗಳ ಲೆಕ್ಕದಿಂದಲೇ ಮೀಟರು ಪಿಎಂ 10 ಅಂದಾಜಿಸುತ್ತದೆ. ರಾಶಿ ಯಂತ್ರದ ಪಕ್ಕ ಎದುರಿನವರ ಮುಖ ಕಾಣದಿದ್ದರೂ ಅಂಕಿ ಕಡಿಮೆ ತೋರುವುದು ಇದಕ್ಕೇ. ಅಲ್ಲಿ ಮೀಟರ್ ನೋಡುತ್ತ ನಿಲ್ಲಬೇಡಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಇಳಕಲ್ಲಿನ ಗ್ರಾನೈಟ್ ಕೊಯ್ಯುವ ಶೆಡ್ಡುಗಳಿಗೂ ಇದು ತಕ್ಕ ಸಾಧನವಲ್ಲ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಎಂಬ ಖನಿಜ ಶ್ವಾಸಕೋಶ ಕೆಡಿಸುತ್ತದೆ, ಮೀಟರಿಗೆ ಧೂಳಿನ ಜಾತಿ ಗೊತ್ತಾಗುವುದಿಲ್ಲ. ಅಲ್ಲಿ ಫಿಲ್ಟರಿನ ಮೇಲೆ ಧೂಳು ಹಿಡಿದು ತೂಗಿ, ಸಿಲಿಕಾ ಪರೀಕ್ಷೆ ಮಾಡಿಸಬೇಕು.

ಹೊಗೆಯ ವಿಷಯಕ್ಕೆ ಬಂದರೆ ಮೀಟರು ಒಳ್ಳೆಯ ಕೆಲಸ ಮಾಡುತ್ತದೆ. ರಾಶಿ ಮಾಡುವ ಕಣದಲ್ಲಿ ತೂರಿದಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವಂತೆ, ಗಾಳಿಯಲ್ಲೂ ದೊಡ್ಡ ಕಣ ಬೇಗ ಇಳಿಯುತ್ತದೆ. ನಿಂತ ಗಾಳಿಯಲ್ಲಿ 10 ಮೈಕ್ರಾನಿನ ಮಣ್ಣಿನ ಕಣ ಹತ್ತು ಅಡಿ ಎತ್ತರದಿಂದ ಆರೇಳು ನಿಮಿಷದಲ್ಲಿ ನೆಲ ಸೇರಿದರೆ, 1 ಮೈಕ್ರಾನಿನ ಹೊಗೆ ಕಣಕ್ಕೆ ಸುಮಾರು ಒಂದು ದಿನ ಬೇಕು. ಅದಕ್ಕೇ ಕಬ್ಬಿನ ರವದಿ ಸುಟ್ಟ ಹೊಗೆ ಮೈಲಿಗಟ್ಟಲೆ ಸಾಗುತ್ತದೆ. ಚಳಿಗಾಲದ ಸಂಜೆ ನೆಲ ತಣಿದು ಮೇಲೆ ಬೆಚ್ಚನೆ ಗಾಳಿ ಪದರ ಕೂತರೆ ಹೊಗೆ ಮೇಲೇರಲಾಗದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ; ಬಿಸಿಲೇರಿದ ಮೇಲೆ ಚದುರುತ್ತದೆ. ರಾತ್ರಿ, ಬೆಳಿಗ್ಗೆ 6 ಗಂಟೆಗೆ, ಮಧ್ಯಾಹ್ನ ಒಂದೇ ಜಾಗದಲ್ಲಿ ಅಳೆದು ನೋಡಿ, ಕಿಟಕಿ ಯಾವಾಗ ತೆಗೆಯಬೇಕು ಎಂಬುದು ಸ್ಪಷ್ಟವಾಗುತ್ತದೆ. ಸೌದೆ ಒಲೆ, ಊದಿನಕಡ್ಡಿ, ವಗ್ಗರಣೆ ಹೊಗೆಗೂ ಇದು ತಕ್ಷಣ ಸ್ಪಂದಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ಗಂಧಕದ ಹೊಗೆ ಗಾಳಿಯಲ್ಲೇ ಅಮೋನಿಯಾ ಜೊತೆ ಸೇರಿ ಅಮೋನಿಯಂ ಸಲ್ಫೇಟ್ ಕಣವಾಗುತ್ತದೆ. ತೇವಾಂಶ ಶೇ 80ರ ಹತ್ತಿರ ಬಂದರೆ ಅದು ನೀರು ಹೀರಿ ಉಬ್ಬುತ್ತದೆ, ಮೀಟರು ಆ ನೀರನ್ನೂ ಧೂಳೆಂದು ಎಣಿಸುತ್ತದೆ. ತೇವಾಂಶ ತೋರಿಸುವ ಮಾದರಿಯನ್ನೇ ಕೊಳ್ಳಿ. ಕುಕ್ಕರಿನ ಆವಿಯೂ ಇದೇ ಮೋಸ ಮಾಡುತ್ತದೆ.

ಅಂಕಿಯನ್ನು ಓದುವುದರಲ್ಲೂ ಒಂದು ತಪ್ಪು ಸಾಮಾನ್ಯ: ಆ ಕ್ಷಣದ ಅಂಕಿಯನ್ನು ಇಡೀ ದಿನದ ಮಿತಿಗೆ ಹೋಲಿಸುವುದು. ಪಿಎಂ 2.5ಕ್ಕೆ ಭಾರತದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 15. ಎರಡೂ 24 ಗಂಟೆಗಳ ಸರಾಸರಿ. ಒಗ್ಗರಣೆ ಹೊತ್ತಿನ 200 ನೋಡಿ ಗಾಬರಿಯಾಗಬೇಡಿ, ಆದರೆ ಅರ್ಧ ಗಂಟೆಯಾದರೂ ಇಳಿಯದಿದ್ದರೆ ಎಕ್ಸಾಸ್ಟ್ ಫ್ಯಾನ್ ಸಾಲದು ಎಂದು ತಿಳಿಯಿರಿ.

ಆನ್ ಮಾಡಿದ ಮೇಲೆ ಕನಿಷ್ಠ ಅರ್ಧ ನಿಮಿಷ ಬಿಟ್ಟು ಓದಿ. ಫ್ಯಾನಿನ ಕೆಳಗೆ, ನೇರ ಬಿಸಿಲಿಗೆ ಇಡಬೇಡಿ. ಲೇಸರಿನ ಆಯುಷ್ಯ ಇಂಥವುಗಳಲ್ಲಿ ಸುಮಾರು 8000 ಗಂಟೆ, ಹಗಲೂ ರಾತ್ರಿ ಓಡಿಸಿದರೆ ಒಂದು ವರ್ಷಕ್ಕೂ ಕಮ್ಮಿ. ಬೇಕಾದಾಗ ಐದು ನಿಮಿಷ ಓಡಿಸಿ ಆರಿಸಿ. ಕಿಂಡಿಯನ್ನು ಮೆತ್ತನೆ ಬ್ರಷ್‌ನಿಂದ ಒರೆಸಿದರೆ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿದರೆ ಅದರ ಎಣ್ಣೆ, ನೀರು ಲೆನ್ಸಿಗೆ ಹತ್ತಿ ಶುದ್ಧ ಗಾಳಿಯಲ್ಲೂ ಅಂಕಿ ಸೊನ್ನೆಯ ಹತ್ತಿರ ಬರುವುದಿಲ್ಲ.