ಫಾಂಡೆಂಟ್ ಇಂಪ್ರೆಷನ್ ಮ್ಯಾಟ್‌ಗೆ ರೀಲ್ಸ್ ನೋಡಿ ದುಡ್ಡು ಹಾಕೋ ಮೊದಲು ಇದನ್ನ ಓದಿ

ಮನೇಲಿ ಕೇಕ್ ಮಾಡೋರು ದಯವಿಟ್ಟು ಪೂರ್ತಿ ಓದಿ. ಫಾಂಡೆಂಟ್ ಅಂದ್ರೆ ಕೇಕ್ ಮೇಲೆ ಹೊದಿಸೋ ಸಕ್ಕರೆಯ ಮೆತ್ತನೆ ಕಣಕ, ಇಂಪ್ರೆಷನ್ ಮ್ಯಾಟ್ ಅಂದ್ರೆ ಅದರ ಮೇಲೆ ಒತ್ತಿ ಡಿಸೈನ್ ಮೂಡಿಸೋ ಹಾಳೆ. ಇನ್‌ಸ್ಟಾಗ್ರಾಮ್‌ನಲ್ಲಿ ಕೇಕ್ ಸಾಮಾನು ಮಾರೋ ಒಂದು ಪೇಜ್‌ನವರು ಫುಡ್ ಗ್ರೇಡ್ ಸಿಲಿಕಾನ್ ಮ್ಯಾಟ್ ಅಂತ ಹೇಳಿ ನನಗೆ ಪ್ಲಾಸ್ಟಿಕ್ ಹಾಳೆ ಕಳಿಸಿದಾರೆ, ಕೇಳಿದ್ದಕ್ಕೆ ನಿಮಗೇ ಕೆಲಸ ಬರಲ್ಲ ಅನ್ನೋ ಥರ ಮಾತಾಡಿ ಕೊನೆಗೆ ಬ್ಲಾಕ್ ಮಾಡಿದಾರೆ. ಪೇಜ್ ಹೆಸರು ಹಾಕ್ತಿಲ್ಲ. ಇಂಥವರು ನಾಳೆ ಬೇರೆ ಹೆಸರಲ್ಲಿ ಬರ್ತಾರೆ, ಹೆಸರಿಗಿಂತ ಇವರು ಮಾತಾಡೋ ರೀತಿ ನೆನಪಿಟ್ಕೊಳ್ಳಿ ಅದೇ ಮುಖ್ಯ.

ನಾನಿರೋದು ದಾವಣಗೆರೆ. ಮನೇಲೇ ಕೇಕ್ ಮಾಡ್ತೀನಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ರಿಜಿಸ್ಟ್ರೇಷನ್ ಇದೆ, ಬಾಕ್ಸ್ ಮೇಲೆ ನಂಬರ್ ಹಾಕೇ ಕೊಡ್ತೀನಿ. ಧಾರವಾಡ ಕಡೆಯ ಒಬ್ಬ ಅಮ್ಮ ಮಗಳ ಕುಬಸಕ್ಕೆ (ಸೀಮಂತಕ್ಕೆ) ಎರಡು ಟಯರ್, ಅಂದ್ರೆ ಎರಡು ಅಂತಸ್ತಿನ ಕೇಕ್ ಆರ್ಡರ್ ಕೊಟ್ಟಿದ್ರು. ಮೇಲೆ ಹಸಿರು, ಕೆಳಗಿನ ಟಯರ್‌ಗೆ ಸುತ್ತ ಇಳಕಲ್ ಸೀರೆ ದಡಿ ಥರ ಮರೂನ್ ಪಟ್ಟಿ, ಅದರ ಮೇಲೆ ಕಸೂತಿ. "ತೇರು, ಆನಿ, ಗೋಪುರ ಮೂರೂ ಇರಬೇಕು ನೋಡವಾ, ನಮ್ಮವ್ವ ಹಾಕ್ತಿದ್ದಂಗ" ಅಂತ ಹೇಳಿದ್ರು. ಕಸೂತಿ ಗೊತ್ತಿರೋರಿಗೆ ಅರ್ಥ ಆಗುತ್ತೆ, ಅದು ಎಳೆ ಎಣಿಸಿ ಹಾಕೋ ಹೊಲಿಗೆ, ಗವಂತಿ ಮುರ್ಗಿ ಅಂತೆಲ್ಲ ಹೊಲಿಗೆ ಬಗೆ ಇರುತ್ತಲ್ಲ, ಎಲ್ಲಾ ನೇರ ಗೆರೆ ಮತ್ತೆ ಮೆಟ್ಟಿಲು ಮೆಟ್ಟಿಲು. ಕೇಕ್ ಸುತ್ತ ಅಷ್ಟುದ್ದ ಒಂದೇ ಅಳತೆಯಲ್ಲಿ ಕೈಯಲ್ಲಿ ಬಿಡಿಸೋಕೆ ಕೂತರೆ ರಾತ್ರಿ ಬೆಳಗಾಗುತ್ತೆ. ಅದಕ್ಕೇ ಮ್ಯಾಟ್ ಬೇಕಿತ್ತು.

ಇಟ್ಟಿಗೆ ಗೋಡೆ, ಮರದ ತೊಗಟೆ, ಸ್ವೆಟರ್ ಹೆಣಿಗೆ, ಕ್ವಿಲ್ಟ್, ಇಂಥ ಮ್ಯಾಟ್ ಎಲ್ಲಾ ಕಡೆ ಸಿಗುತ್ತೆ. ಕಸೂತಿದು ಎಲ್ಲೂ ಇರಲಿಲ್ಲ. ಹುಡುಕ್ತಾ ಹುಡುಕ್ತಾ ಈ ಪೇಜ್‌ನ ರೀಲ್ ಬಂತು. ಮರೂನ್ ಫಾಂಡೆಂಟ್ ಮೇಲೆ ಮ್ಯಾಟ್ ಇಟ್ಟು ಒಂದೇ ಸಲ ರೋಲರ್ ಉರುಳಿಸಿ ತುದಿ ಹಿಡಿದು ಎತ್ತಿದ್ರೆ ತೇರು ನಿಂತಿದೆ, ಒಂದೊಂದು ಹೊಲಿಗೆ ಕಾಣ್ತಿದೆ. ಕಾಮೆಂಟ್ ಮಾತ್ರ ಆಫ್ ಇತ್ತು.

ನಾನು ಕೇಳೋದೆಲ್ಲ ಕೇಳಿದೀನಿ, ಚಾಟ್ ಈಗಲೂ ಇದೆ. ಸಿಲಿಕಾನಾ ಅಂತ ಕೇಳಿದೆ. "ಹೌದು ಅಕ್ಕಾ 100% ಫುಡ್ ಗ್ರೇಡ್." ಡಿಸೈನ್ ಆಳ ಇದೆಯಾ ಅಂದೆ. "ತುಂಬಾ ಡೀಪ್ ಅಕ್ಕಾ, ರೀಲ್ ನೋಡಿದ್ರಲ್ಲ, ಸೇಮ್ ಪೀಸ್ ಬರುತ್ತೆ, ಕಣ್ಣು ಮುಚ್ಕೊಂಡು ತಗೊಳ್ಳಿ." ಕ್ಯಾಶ್ ಆನ್ ಡೆಲಿವರಿ ಇದೆಯಾ ಅಂದ್ರೆ ಕಸ್ಟಮ್ ಐಟಂ ಅಕ್ಕಾ ಅದಕ್ಕೆ ಇಲ್ಲ ಅಂದ್ರು. ಒಂದಕ್ಕೆ 850, ಎರಡು ತಗೊಂಡೆ, ಕೊರಿಯರ್ 90, ಒಟ್ಟು 1,790 ರೂಪಾಯಿ ಗೂಗಲ್ ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದೆ. ಹಾರ್ಟ್ ಎಮೋಜಿ ಬಂತು. ಅಲ್ಲಿಂದ ಪ್ರತಿ ಸಲ ನಾನೇ ಕೇಳಬೇಕು, ಡಿಸ್ಪ್ಯಾಚ್ ಆಯ್ತಾ, ಟ್ರ್ಯಾಕಿಂಗ್ ನಂಬರ್ ಕೊಡಿ, ಎಲ್ಲಿದೆ ಅಂತ. ಕೊನೆಗೆ ಕುಬಸದ ಹಿಂದಿನ ದಿನ ಸಂಜೆ ಬಂತು ಪಾರ್ಸೆಲ್.

ಕವರ್ ಕತ್ತರಿಸಿದ ತಕ್ಷಣ ವಾಸನೆ. ಹೊಸ ಹವಾಯಿ ಚಪ್ಪಲಿ ಥರ ವಾಸನೆ, ಅಡುಗೆಮನೆ ತುಂಬಾ. ಪ್ಯಾಕೆಟ್ ಮೇಲೆ ಒಂದಕ್ಷರ ಇಲ್ಲ. ಮಾಡಿದವರ ಹೆಸರಿಲ್ಲ, ವಿಳಾಸ ಇಲ್ಲ, ಎಂಆರ್‌ಪಿ ಇಲ್ಲ, ಯಾವ ದೇಶದ್ದು ಅಂತಿಲ್ಲ, ಬಿಲ್ಲೂ ಇಲ್ಲ. ಹಾಳೆ ಎತ್ತಿ ಟ್ಯೂಬ್‌ಲೈಟ್‌ಗೆ ಹಿಡಿದ್ರೆ ಆಚೆ ಕಡೆ ಇರೋ ನನ್ನ ಬೆರಳು ಕಾಣುತ್ತೆ, ಅಷ್ಟು ತೆಳು. ಒಳ್ಳೆ ಮ್ಯಾಟ್ ಮೇಲೆ ಉಗುರು ಆಡಿಸಿದ್ರೆ ಗೆರೆಗೆ ಗೆರೆಗೆ ಸಿಕ್ಕಿಕೊಳ್ಳಬೇಕು. ಇದರಲ್ಲಿ ಉಗುರು ಜಾರಿ ಹೋಗುತ್ತೆ. ಆನೆಯ ನಾಲ್ಕು ಕಾಲೂ ಸೇರಿ ಒಂದೇ ಮುದ್ದೆ, ಹಾಳೆ ವಾರೆಯಾಗಿ ಕತ್ತರಿಸಿರೋದ್ರಿಂದ ತೇರಿನ ಕಳಶವೇ ಇಲ್ಲ. ಕಳಶ ಇಲ್ಲದ ತೇರನ್ನ ಕುಬಸದ ಕೇಕ್ ಮೇಲೆ ಹೆಂಗೆ ಇಡಲಿ ಹೇಳಿ.

ಆದ್ರೂ ಕೇಕ್‌ಗೆ ಗನಾಶ್ (ಚಾಕ್ಲೇಟ್ ಕ್ರೀಮ್) ಹಚ್ಚಿ ಸೆಟ್ ಆಗಿತ್ತು, ಬೇರೆ ದಾರಿ ಇರಲಿಲ್ಲ, ಮೊದಲು ಒಂದು ತುಂಡು ಫಾಂಡೆಂಟ್ ಮೇಲೆ ಟ್ರಯಲ್ ನೋಡೋಣ ಅಂತ ಮ್ಯಾಟ್ ಸೋಪ್ ಹಾಕಿ ತೊಳೆದು ಒರೆಸಿ ಶುರು ಮಾಡಿದೆ. ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದೆ, ಕಾರ್ನ್‌ಫ್ಲೋರ್ ಬಟ್ಟೆ ಗಂಟಲ್ಲಿ ತಟ್ಟಿದೆ, ಮ್ಯಾಟ್ ಇಟ್ಟು ಒಂದು ತುದಿಯಿಂದ ಒಂದೇ ಒತ್ತಡದಲ್ಲಿ ರೋಲರ್ ಎಳೆದೆ. ಹಿಂದೆ ಮುಂದೆ ಆಡಿಸಬಾರದು, ಆಡಿಸಿದ್ರೆ ಗೆರೆ ಡಬಲ್ ಬರುತ್ತೆ, ಅದೆಲ್ಲ ಗೊತ್ತಿದ್ದೇ ಮಾಡಿದ್ದು. ಎತ್ತಿದ್ರೆ ಏನೂ ಇಲ್ಲ. ಬೆಳಕಿಗೆ ಓರೆ ಹಿಡಿದ್ರೆ ಎಲ್ಲೋ ಮಸುಕು ಮಸುಕು. ಜೋರಾಗಿ ಒತ್ತಿದೆ, ಫಾಂಡೆಂಟ್ ತೆಳ್ಳಗಾಗಿ ಮ್ಯಾಟ್‌ಗೇ ಅಂಟಿ ಹರಿದು ಬಂತು. ಸ್ವಲ್ಪ ಹೊತ್ತು ಆರೋಕೆ ಬಿಟ್ಟು ಒತ್ತಿದೆ, ಶಾರ್ಟನಿಂಗ್ (ವನಸ್ಪತಿ ಥರದ ಗಟ್ಟಿ ಕೊಬ್ಬು) ತೆಳ್ಳಗೆ ಸವರಿ ಒತ್ತಿದೆ, ಮ್ಯಾಟ್ ಕೆಳಗಿಟ್ಟು ಮೇಲಿಂದ ಫಾಂಡೆಂಟ್ ಲಟ್ಟಿಸಿ ನೋಡಿದೆ. ಇಲ್ಲ. ನನ್ನ ಹಳೇ ಇಟ್ಟಿಗೆ ಮ್ಯಾಟ್ ತಂದು ಅದೇ ಫಾಂಡೆಂಟ್, ಅದೇ ರೋಲರ್, ಒಂದೇ ಸಲ ಎಳೆದೆ. ಇಟ್ಟಿಗೆ ಇಟ್ಟಿಗೆ ಸಂದು ಸಮೇತ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದೆ.

ಅಂಟಿದ್ದು ಬಿಡಲಿ ಅಂತ ಕುದಿಯೋ ನೀರು ಹುಯ್ದೆ. ಹಾಳೆ ಸುಕ್ಕಾಗಿ ಮುದುಡಿ ಹೋಯ್ತು, ಆರಿದ ಮೇಲೂ ನೆಟ್ಟಗಾಗಲಿಲ್ಲ. ಸಿಲಿಕಾನ್ ಮೌಲ್ಡನ್ನ ನಾವು ಓವನ್‌ನಲ್ಲಿ 180 ಡಿಗ್ರಿಗೆ ಇಟ್ಟು ಬೇಕ್ ಮಾಡ್ತೀವಿ ಅಲ್ವಾ, ಕುದಿಯೋ ನೀರಿಗೆ ಮುದುಡೋದು ಎಂಥಾ ಸಿಲಿಕಾನ್? ಇದು ಪಿವಿಸಿ ಥರದ ಪ್ಲಾಸ್ಟಿಕ್ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಮೆತ್ತಗಿನ ಪಿವಿಸಿಗೆ ಥ್ಯಾಲೇಟ್ ಅಂಥ ಕೆಮಿಕಲ್ ಸೇರಿಸಿರ್ತಾರೆ, ಕೊಬ್ಬಿನಂಶ ಇರೋ ಪದಾರ್ಥಕ್ಕೆ ಅದು ಇಳಿಯುತ್ತೆ. ಫಾಂಡೆಂಟ್‌ನಲ್ಲಿ ಶಾರ್ಟನಿಂಗ್ ಇರುತ್ತೆ. ಬಸುರಿ ಹೆಣ್ಣುಮಗಳು ತಿನ್ನೋ ಕೇಕ್ ರೀ ಅದು. ಕೈ ನಡುಗಿಬಿಡ್ತು ನನಗೆ.

ಆ ರಾತ್ರೀಲೇ ರೀಲ್ ಮತ್ತೆ ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೇಜಿನ ಮೂಲೆಯಲ್ಲಿ ಕಿವಿಯೋಲೆ ಆಕಾರದ ಸಣ್ಣ ಕಟರ್‌ಗಳು, ಪಕ್ಕದಲ್ಲಿ ಓಲೆಗೆ ಹಾಕೋ ಕೊಕ್ಕೆಗಳು. ಅದು ಫಾಂಡೆಂಟೇ ಅಲ್ಲ! ಪಾಲಿಮರ್ ಕ್ಲೇ, ಕೈಯಲ್ಲಿ ಒಡವೆ ಮಾಡ್ತಾರಲ್ಲ ಆ ಮಣ್ಣು. ಆ ರೀಲ್‌ನಲ್ಲಿರೋ ಮ್ಯಾಟ್ ದಪ್ಪ, ಬಿಳಿ. ನನಗೆ ಬಂದಿರೋದು ನೀಲಿ ಛಾಯೆಯ ತೆಳು ಹಾಳೆ. ಸೇಮ್ ಪೀಸ್ ಅಂದಿದ್ರಲ್ಲ, ಅದು ಪೂರಾ ಸುಳ್ಳು. ಅದೂ ಸಾಲದು ಅಂತ ಒಡವೆ ಮಣ್ಣಿನ ವಿಡಿಯೋ ತೋರಿಸಿ ತಿನ್ನೋ ಕೇಕ್‌ಗೆ ಅಂತ ಮಾರಿದಾರೆ. ಆ ಕೊಕ್ಕೆಗಳನ್ನ ನೋಡಿದಾಗ ಆದ ಉರಿ ಇನ್ನೂ ಇಳಿದಿಲ್ಲ.

ಈಗ ಇವರ ರಿಪ್ಲೈ ನೋಡಿ.

ರಾತ್ರಿ ಫೋಟೋ ಕಳಿಸಿದೆ, ಬ್ಲೂ ಟಿಕ್ ಬಂತು, ಉತ್ತರ ಇಲ್ಲ. ಬೆಳಗ್ಗೆ "ಅಕ್ಕಾ ನಿಮ್ ಫಾಂಡೆಂಟ್ ಯಾವ ಬ್ರ್ಯಾಂಡ್?" ಹೇಳಿದೆ. "ಅದಕ್ಕೇ. ಅದು ಸಾಫ್ಟ್ ಅಕ್ಕಾ, ಸಿಎಂಸಿ ಪೌಡರ್ ಹಾಕಿ." ಫಾಂಡೆಂಟ್ ಗಟ್ಟಿ ಮಾಡೋ ಪುಡಿ ಅದು, ಹಾಕಿದೀನಿ ಅಂದೆ. "ಹಾಗಾದ್ರೆ ಜಾಸ್ತಿ ಆಗಿದೆ." ಹಾಕದಿದ್ರೆ ಕಮ್ಮಿ ಹಾಕಿದ್ರೆ ಜಾಸ್ತಿ, ಹೆಂಗಿದೆ ನೋಡಿ. ಇಟ್ಟಿಗೆ ಮ್ಯಾಟ್ ಫೋಟೋ ತೋರಿಸಿದ ಮೇಲೆ ಅಕ್ಕ ಹೋಗಿ ಮೇಡಂ ಆದೆ. "ಬ್ರಿಕ್ ಬೇರೆ ಕಸೂತಿ ಬೇರೆ ಮೇಡಂ, ಇದು ಪ್ರೊಫೆಷನಲ್ಸ್ ಯೂಸ್ ಮಾಡೋದು, ಬಿಗಿನರ್ಸ್‌ಗೆ ಸ್ವಲ್ಪ ಕಷ್ಟ." ವರ್ಷಗಟ್ಟಲೆ ಇದೇ ಕೆಲಸ ಮಾಡ್ತಿರೋಳು ನಾನು, ಬಿಗಿನರ್ ಅಂತೆ.

ಕುದಿ ನೀರಿಗೆ ಮುದುಡಿದೆ ಅಂದ್ರೆ "ಬಿಸಿ ನೀರು ಹಾಕಿದ್ರಾ? ಹಾಗಾದ್ರೆ ನಾವು ಜವಾಬ್ದಾರಿ ಅಲ್ಲ." ರಿಟರ್ನ್ ತಗೊಳ್ಳಿ ಅಂದೆ. "ಅನ್‌ಬಾಕ್ಸಿಂಗ್ ವಿಡಿಯೋ ಇಲ್ದೆ ರಿಟರ್ನ್ ಇಲ್ಲ ಮೇಡಂ, ಬಯೋದಲ್ಲಿ ಹಾಕಿದೀವಿ." ನನ್ನ ಹತ್ರ ವಿಡಿಯೋ ಇತ್ತು! ಪಾರ್ಸೆಲ್ ತೆಗೆಯುವಾಗ ಯಾವಾಗ್ಲೂ ಮಾಡ್ತೀನಿ. ಕಳಿಸಿದೆ. ತುಂಬಾ ಹೊತ್ತು ಬಿಟ್ಟು ಬಂದ ಉತ್ತರ: "ವಿಡಿಯೋದಲ್ಲಿ ಪ್ರಾಡಕ್ಟ್ ಡ್ಯಾಮೇಜ್ ಇಲ್ಲ ಅಲ್ವಾ ಮೇಡಂ, ನೀಟಾಗಿದೆ. ಡ್ಯಾಮೇಜ್ ಇದ್ರೆ ಮಾತ್ರ ರಿಟರ್ನ್." ಅಂದ್ರೆ ವಿಡಿಯೋ ಇಲ್ಲದಿದ್ರೂ ಇಲ್ಲ, ಇದ್ರೂ ಇಲ್ಲ. ಆಮೇಲೆ ಒಂದು ವಾಯ್ಸ್ ನೋಟ್, ಇಷ್ಟು ಜನಕ್ಕೆ ಕಳಿಸಿದೀವಿ ಯಾರೂ ಕಂಪ್ಲೇಂಟ್ ಮಾಡಿಲ್ಲ ನಿಮ್ಮೊಬ್ಬರದ್ದೇ ಪ್ರಾಬ್ಲಂ ಅಂತ, ಕೊನೇಲಿ ಹಿಂದೆ ಯಾರೋ ನಗೋದು ಕೇಳ್ಸುತ್ತೆ.

ಆಯ್ತು, ಫುಡ್ ಗ್ರೇಡ್ ಅಂದಿದ್ರಲ್ಲ, ಅದಕ್ಕೆ ಸರ್ಟಿಫಿಕೇಟ್ ಕಳಿಸಿ ಅಂದೆ. ಅದಕ್ಕೆ ಏನಂದ್ರು ಗೊತ್ತಾ?

"ಕೇಕ್ ತಿಂತಾರೆ ಮೇಡಂ, ಮ್ಯಾಟ್ ತಿನ್ನಲ್ಲ."

ಬ್ಲಾಕ್.

ಆ ಹೊತ್ತಿಗೆ ನಾನು ಮ್ಯಾಟ್ ಆಸೆ ಬಿಟ್ಟು ಹೊಸ ಫಾಂಡೆಂಟ್ ತೆಗೆದು ಸ್ಕೇಲ್ ಇಟ್ಟು ಸಣ್ಣ ಸಣ್ಣ ಪಟ್ಟಿ ಕತ್ತರಿಸಿ ದಡಿ ಥರ ಅಂಟಿಸಿ, ರಾಯಲ್ ಐಸಿಂಗ್‌ನಲ್ಲಿ (ಒಣಗಿ ಗಟ್ಟಿಯಾಗೋ ಸಕ್ಕರೆ ಲೇಪ) ಮುಂದೆ ಮಾತ್ರ ಒಂದು ಗೋಪುರ ಬಿಡಿಸಿ ಕೊಟ್ಟು ಬಂದೆ. ಹೋಗೋವಾಗಲೇ ಎದೆ ಡವಡವ. ಮಂಟಪದ ಮುಂದೆ ಎಲ್ಲಾ ಹೆಂಗಸರು ಕೂತಿದ್ರು. ಆ ಅಮ್ಮ ಕೇಕ್ ಸುತ್ತ ಒಂದು ಸುತ್ತು ಬಂದು "ತೇರು ಎಲ್ಲಿ ಅದಾವು? ಆನಿ?" ಅಂದ್ರು. ನಾನು ಏನೋ ಹೇಳೋಕೆ ಹೋದೆ, ಮಾತೇ ಬರಲಿಲ್ಲ. "ಇರ್ಲಿ ಬಿಡವಾ" ಅಂದ್ರು. ಬೈದಿದ್ರೆ ಇಷ್ಟು ನೋವಾಗ್ತಿರಲಿಲ್ಲ. 800 ರೂಪಾಯಿ ಬಿಲ್‌ನಲ್ಲಿ ನಾನೇ ಬಿಟ್ಟೆ, ಅವರು ಕೇಳಿರಲಿಲ್ಲ. ಆಮೇಲೆ ಅವರ ಮನೆಯಿಂದ ಯಾವ ಆರ್ಡರೂ ಬಂದಿಲ್ಲ.

1915ಗೆ, ಅಂದ್ರೆ ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್‌ಗೆ ಕಂಪ್ಲೇಂಟ್ ಕೊಟ್ಟಿದೀನಿ, ಡಾಕೆಟ್ (ದೂರಿನ) ನಂಬರ್ ಬಂದಿದೆ, ದುಡ್ಡು ಬಂದಿಲ್ಲ. ಒಂದು ಮಾತ್ರ ಎಲ್ಲರಿಗೂ ಗೊತ್ತಿರಲಿ, ಬಯೋದಲ್ಲಿ ನೋ ರಿಟರ್ನ್ ಅಂತ ಬರೆದಾಕ್ಷಣ ಮುಗೀತು ಅಂದ್ಕೋಬೇಡಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ಜಾಹೀರಾತಿನಲ್ಲಿ ತೋರಿಸಿದ್ದು ಒಂದು ಕಳಿಸಿದ್ದು ಇನ್ನೊಂದು ಆದ್ರೆ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಪ್ಯಾಕೆಟ್ ಮೇಲೆ ಹೆಸರು ವಿಳಾಸ ಎಂಆರ್‌ಪಿ ಹಾಕೋದೂ ಕಾನೂನೇ. ಹೆದರಿಸಿದ್ರೆ ಸುಮ್ಮನಾಗ್ತಾರೆ ಅಂತ ಇವರ ಲೆಕ್ಕ.

ಮ್ಯಾಟ್ ಬೇಕಾದ್ರೆ ಬಿಲ್ ಕೊಡೋ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು, ಉಗುರು ಆಡಿಸಿ, ಮೂಸಿ ನೋಡಿ ತಗೊಳ್ಳಿ. ಆನ್‌ಲೈನೇ ಆಗಬೇಕು ಅಂದ್ರೆ ನಿಮ್ಮ ಹೆಸರು ಬರೆದ ಚೀಟಿ ಪಕ್ಕದಲ್ಲಿಟ್ಟು, ಫಾಂಡೆಂಟ್ ಮೇಲೆ ಒತ್ತಿ ತೋರಿಸಿ ವಿಡಿಯೋ ಕಳಿಸಿ ಅಂತ ಕೇಳಿ. ನಿಜವಾಗಿ ಮಾಲು ಇಟ್ಟುಕೊಂಡಿರೋರಿಗೆ ಅದು ಎರಡು ನಿಮಿಷದ ಕೆಲಸ. ಕಾಮೆಂಟ್ ಆಫ್ ಮಾಡಿರೋ ಪೇಜ್ ಕಡೆ ತಿರುಗೂ ನೋಡಬೇಡಿ. ಮಾತಿಗೆ ಮುಂಚೆ ಅಕ್ಕಾ ಅಕ್ಕಾ ಅನ್ನೋರನ್ನ ಅಂತೂ ನಾನಿನ್ನು ನಂಬಲ್ಲ.

ಹರಿಹರದ ನನ್ನ ಫ್ರೆಂಡ್ ನಿನ್ನೆ ಒಂದು ರೀಲ್ ಕಳಿಸಿ "ಮೈಸೂರು ಸಿಲ್ಕ್ ಬಾರ್ಡರ್ ಮ್ಯಾಟ್ ಅಂತೆ ಕಣೇ, ಚೆನ್ನಾಗಿದೆ, ತಗೊಳ್ಳಲಾ" ಅಂದ್ಲು. ಪೇಜ್ ಹೆಸರು ಬೇರೆ. ಗೂಗಲ್ ಪೇ ನಂಬರ್ ಅದೇ. ಕ್ರಿಸ್ಮಸ್ ಆರ್ಡರ್ ಶುರುವಾಗೋ ಹೊತ್ತು, ಇನ್ನೂ ಎಷ್ಟು ಜನ ದುಡ್ಡು ಹಾಕ್ತಾರೋ. ನಿಮಗೂ ಹೀಗೆ ಆಗಿದ್ರೆ ಸ್ಕ್ರೀನ್‌ಶಾಟ್, ಪೇಮೆಂಟ್ ರೆಫರೆನ್ಸ್ ನಂಬರ್ ಯಾವುದನ್ನೂ ಡಿಲೀಟ್ ಮಾಡಬೇಡಿ, 1915ಗೆ ಫೋನ್ ಮಾಡಿ, ಒಬ್ಬಳದ್ದೇ ಪ್ರಾಬ್ಲಂ ಅಂತ ಇನ್ನೊಬ್ಬರಿಗೆ ಹೇಳೋಕೆ ಅವರಿಗೆ ಬಾಯಿ ಬರಬಾರದು.