ಟೈಮಿಂಗ್ ಬೆಲ್ಟ್ ಬದಲಾವಣೆ: ತಡವಾಗಿ ಪಡೆದ ಒಂದು ಸೇವೆಯ ವಿಮರ್ಶೆ

1,00,000 ಕಿ.ಮೀ. ಅಥವಾ ನಿಗದಿತ ವರ್ಷಗಳು, ಇವೆರಡರಲ್ಲಿ ಯಾವುದು ಮೊದಲೋ ಆಗ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದು ಕಾರಿನ ಕೈಪಿಡಿ ಹೇಳಿದ್ದರೂ, ಕಾರು ಕಡಿಮೆ ಓಡಿದೆಯೆಂಬ ನೆಪದಲ್ಲಿ ನಾನು ಎರಡು ವರ್ಷ ಮುಂದೂಡಿದ್ದೆ. ಓಡದೆ ನಿಂತ ಕಾರಿನಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ ಎಂಬುದನ್ನು ಗ್ಯಾರೇಜಿನ ಮೆಕ್ಯಾನಿಕ್ ಹಳೆಯ ಬೆಲ್ಟನ್ನು ಮಡಿಸಿ, ಹಲ್ಲುಗಳ ಬುಡದಲ್ಲಿ ಬಿಟ್ಟಿದ್ದ ಬಿರುಕುಗಳನ್ನು ತೋರಿಸಿಯೇ ಮನವರಿಕೆ ಮಾಡಿಕೊಟ್ಟರು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು (ಎಂಜಿನ್ನಿನ ಕವಾಟಗಳನ್ನು) ತೆರೆಯಿಸುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುವ ಲೆಕ್ಕವನ್ನು ಕಾಯುವುದು ಈ ಬೆಲ್ಟೇ. ಅದು ಓಟದ ನಡುವೆ ಕಡಿದರೆ, ಅಥವಾ ಕೆಲವು ಹಲ್ಲುಗಳಷ್ಟು ಜಾರಿದರೂ, ನನ್ನ ಕಾರಿನಲ್ಲಿರುವಂಥ ಇಂಟರ್‌ಫಿಯರೆನ್ಸ್ ಎಂಜಿನ್ನಿನಲ್ಲಿ (ತೆರೆದ ವಾಲ್ವ್ ಮತ್ತು ಪಿಸ್ಟನ್ ಬೇರೆ ಬೇರೆ ಹೊತ್ತಿಗೆ ಒಂದೇ ಜಾಗಕ್ಕೆ ಬರುವ ವಿನ್ಯಾಸ) ತೆರೆದಿರುವ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಅವು ಬಾಗುತ್ತವೆ, ಸಿಲಿಂಡರ್ ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಬಹುತೇಕ ಯಾವ ಮುನ್ಸೂಚನೆಯೂ ಸಿಗುವುದಿಲ್ಲ.

ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ಪುಲ್ಲಿಗಳ ಜೊತೆಗೆ, ಅದೇ ಬೆಲ್ಟಿನಿಂದ ತಿರುಗಿ ಎಂಜಿನ್ ತಂಪಾಗಿಸುವ ದ್ರವವನ್ನು ಹರಿಸುವ ವಾಟರ್ ಪಂಪನ್ನೂ ಬದಲಿಸಿದ್ದು ಸರಿಯಾದ ನಿರ್ಧಾರ, ಏಕೆಂದರೆ ಮುಂದೆ ಪಂಪ್ ಸೋರಿದರೆ ಇಷ್ಟನ್ನೂ ಮತ್ತೆ ಬಿಚ್ಚಬೇಕಾಗುತ್ತಿತ್ತು. ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಎರಡೂ ಶಾಫ್ಟ್‌ಗಳ ಹೊಂದಾಣಿಕೆಯ ಗುರುತುಗಳನ್ನು ಮತ್ತೊಮ್ಮೆ ತಾಳೆ ನೋಡಿದ ಅವರ ಶ್ರದ್ಧೆ ಮೆಚ್ಚುವಂಥದ್ದು. ಕೊರತೆಯೆಂದರೆ, ಬದಲಿಸಿದ ದಿನಾಂಕ ಮತ್ತು ಕಿ.ಮೀ. ಬರೆದ ಚೀಟಿಯನ್ನು ನಾನು ಕೇಳಿದ ಮೇಲಷ್ಟೇ ಬಾನೆಟ್ಟಿನ ಒಳಗೆ ಅಂಟಿಸಿದರು.