ಸೀಸದ ಗುಂಡಿಗೆ ಪೌಡರ್ ಕೋಟಿಂಗ್ ಮಾಡಿಸುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ನಾನೇ ಎರಕ ಹೊಯ್ಯುತ್ತೇನೆ. ಮಂಡ್ಯದಲ್ಲಿ, ನಮ್ಮ ಮನೆ ಹಿತ್ತಲಲ್ಲಿ, ಐದು ವರ್ಷದಿಂದ. ಬರೀ ಸೀಸ ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತೆ, ಅದು ವಿಷ. ಕೆರೆ ಏರಿ ಮೇಲೆ ಕೂತಾಗ ನಮ್ಮಲ್ಲಿ ಎಷ್ಟೋ ಜನ ಸಣ್ಣ ಗುಂಡನ್ನು ಹಲ್ಲಲ್ಲೇ ಕಚ್ಚಿ ದಾರಕ್ಕೆ ಬಿಗಿಯುತ್ತಾರೆ. ಈಗ ಅಕ್ಕನ ಮಗನೂ ಜೊತೆಗೆ ಬರುತ್ತಾನೆ, ಒಂಬತ್ತು ವರ್ಷ. ಅವನಿಗೋಸ್ಕರವೇ ಎಲ್ಲಾ ಗುಂಡಿಗೂ ಪೌಡರ್ ಕೋಟಿಂಗ್ ಮಾಡಿಸಲು ಹೊರಟೆ, ಅಂದರೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸಿ ಗಟ್ಟಿ ಮಾಡುವ ಲೇಪನ.

ಮೈಸೂರಿನಲ್ಲಿ ಗೇಟು, ಗ್ರಿಲ್ಲಿಗೆ ಕೋಟಿಂಗ್ ಮಾಡುವ ಒಂದು ಕಡೆ 240 ಗುಂಡು ಕೊಟ್ಟೆ. 1,800 ರೂಪಾಯಿ ಅಂದರು, ಅಷ್ಟನ್ನೂ ಮೊದಲೇ ಕೊಟ್ಟುಬಿಟ್ಟೆ. ಅದೇ ನನ್ನ ತಪ್ಪು. ನಾಲ್ಕು ದಿನ ಬಿಟ್ಟು ತಂದಾಗ ಹಸಿರು ಬಣ್ಣ, ಫಳಫಳ ಅಂತಿತ್ತು. ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ, ನಾಲ್ಕು ಜನಕ್ಕೆ ಹತ್ತತ್ತು ಹಂಚಿದೆ ಕೂಡ.

ಭಾನುವಾರ ಕೆರೆಯಲ್ಲಿ ಮೂರನೇ ಸಲ ಎಸೆದು ಎಳೆದಾಗ ಗುಂಡಿನ ಒಂದು ಪಕ್ಕ ಬೋಳಾಗಿತ್ತು. ಉಗುರಲ್ಲಿ ಕೆರೆದೆ, ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. "ಮಾಮ, ನನ್ ಕೈಯೂ ಹಸಿರಾಯ್ತು" ಅಂತ ಹುಡುಗ ಬೆರಳು ತೋರಿಸಿದ. ಹಸಿರಿನ ಜೊತೆ ಕಪ್ಪೂ ಇತ್ತು. ಹೊಟ್ಟೆ ಉರಿದುಹೋಯ್ತು. ಮನೆಗೆ ಬಂದು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ಪೂರ್ತಿ ಹಸಿರು. ಪೌಡರ್ ಸರಿಯಾಗಿ ಬೆಂದಿದ್ದರೆ ಹೀಗೆ ಬಿಡಲ್ಲ. ಇವರು ಹೊಡೆದಿದ್ದು ಸ್ಪ್ರೇ ಪೇಂಟು! ಪೌಡರ್ ಕೋಟಿಂಗ್ ಅಂತ ದುಡ್ಡು ತಗೊಂಡು ಸ್ಪ್ರೇ ಪೇಂಟು!

ಫೋನ್ ಮಾಡಿದೆ. "ಇಲ್ಲ ಸಾರ್, ಪೌಡರ್ರೇ, ನಾನೇ ನಿಂತು ಹೊಡಿಸಿದ್ದೀನಿ" ಅಂದರು. ಬಟ್ಟೆಯ ಫೋಟೋ ಕಳಿಸಿದ ಮೇಲೆ ಮಾತು ತಿರುಗಿತು. "ಸೀಸ ಓವನ್‌ಗೆ ಇಟ್ರೆ ಕರಗೋಗುತ್ತೆ ಸಾರ್, ಅದಕ್ಕೇ ಪೇಂಟ್ ಹೊಡ್ದಿದ್ದು, ನಿಮಗೇ ಒಳ್ಳೇದು ಮಾಡಿದ್ವಿ." ಕರಗುತ್ತಂತೆ! ಪೌಡರ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ, ಸೀಸ ಕರಗಲು 327 ಡಿಗ್ರಿ ಬೇಕು. ಐದು ವರ್ಷದಿಂದ ಸೀಸ ಕರಗಿಸುತ್ತಿರುವವನಿಗೆ ಹೇಳುವ ಮಾತಾ ಇದು? ನಿಜವಾಗಿ ಹಾಗೆ ಅಂದುಕೊಂಡಿದ್ದರೆ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಬಹುದಿತ್ತು ಅಲ್ವಾ? ಕೊನೆಗೆ ಬಂದ ಉತ್ತರ, "ನೀರಲ್ಲಿ ಮುಳುಗೋ ಗುಂಡು, ಯಾರ್ ನೋಡ್ತಾರೆ ಸಾರ್." ದುಡ್ಡು ವಾಪಸ್ ಕೇಳಿದ ಮೇಲೆ ಫೋನ್ ಎತ್ತುತ್ತಿಲ್ಲ.

ಮಾಡಿಸುವವರು ಮೊದಲು ಐದೇ ಗುಂಡು ಕೊಡಿ. ಅವರ ಎದುರಿಗೇ ಥಿನ್ನರ್ ಬಟ್ಟೆಯಲ್ಲಿ ಉಜ್ಜಿ, ಒಂದನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ನೋಡಿ, ಸಿಪ್ಪೆ ಏಳಬಾರದು. ಒಪ್ಪದಿದ್ದರೆ ಸುಮ್ನೆ ಎದ್ದು ಬನ್ನಿ. ಮನೆಯಲ್ಲೇ ಮಾಡುತ್ತೀರಾ? ಅಡುಗೆ ಓವನ್ ಮಾತ್ರ ಮುಟ್ಟಬೇಡಿ. ಕೋಟಿಂಗ್ ಇದ್ದರೂ ಹಲ್ಲಲ್ಲಿ ಕಚ್ಚಬೇಡಿ, ಮಕ್ಕಳ ಎದುರಿಗಂತೂ ಬೇಡವೇ ಬೇಡ.

ನಾನು ಹಂಚಿದ ನಲವತ್ತರಲ್ಲಿ ಇನ್ನೂ ಒಂಬತ್ತು ಗುಂಡು ವಾಪಸ್ ಬಂದಿಲ್ಲ. ತಗೊಂಡವರು ಇದನ್ನು ಓದಿದರೆ ದಯವಿಟ್ಟು ಬಳಸಬೇಡಿ. ಒಂದು ಫೋನ್ ಮಾಡಿ, ನಾನೇ ಬಂದು ತಗೊಂಡು ಹೋಗುತ್ತೇನೆ.